ಸರಳ

ಸೈಕಲ್ ತಗೊಂಡು ಹೋಗು, ಮಂದಾಕಿನಿ, ಬೇಡ ಅನ್ನುವುದಿಲ್ಲ.
ಮೊಣಕಾಲಿಗೆ ಹೊಲಿಗೆ ಬಿದ್ದಾಗಿನಿಂದ ಅದೂ ನನ್ನ ಹಾಗೇ
ಬಾಲ್ಕನಿಯ ಗೋಡೆಗೆ ಒರಗಿ ಪಾರಿವಾಳ ಎಣಿಸುತ್ತಿದೆ.
ಹಿಂದಿನ ಗೇರು ಏಳರಲ್ಲಿ ರೊಳ್ಳೆ ತೆಗೆಯುತ್ತದೆ;
ಬೈಯಬೇಡ, ತುಳಿತ ಸಡಿಲಿಸಿ ಇನ್ನೊಮ್ಮೆ ಕೇಳು, ಕೊಡುತ್ತದೆ.

ಐದಕ್ಕೇ ಹೊರಡು. ಐದೂವರೆಗೆ ಕೊಂಢ್ವಾದ ಟ್ಯಾಂಕರುಗಳು ಏಳುತ್ತವೆ,
ಆರಕ್ಕೆ ಸಿಮೆಂಟು ಕಲೆಸುವ ಲಾರಿಗಳು,
ಆಮೇಲೆ ರಸ್ತೆ ನಿನ್ನದಲ್ಲ.
ಯೇವಲೇವಾಡಿಯಲ್ಲಿ ಕಲ್ಲು ಕೊಯ್ಯುವ ಅಂಗಡಿಗಳ ಸಾಲು;
ಅಮೃತಶಿಲೆಯ ಹಿಟ್ಟು ಡಾಂಬರಿನ ಮೇಲೆ ರಂಗೋಲಿ ಪುಡಿಯಂತೆ,
ಇಬ್ಬನಿ ಬಿದ್ದರೆ ಜಾರುತ್ತದೆ. ನಾನು ಜಾರಿದ್ದೇನೆ.
ಮೂರು ಕಾಲಿನ ಕಂದು ನಾಯಿಯೊಂದು ಅಟ್ಟಿಸಿಕೊಂಡು ಬರುತ್ತದೆ.
ಕರೆಂಟು ಕಂಬದವರೆಗೆ ಅದರ ಸರಹದ್ದು,
ದಾಟಿದವರನ್ನು ಬಾಲ ಆಡಿಸಿ ಬೀಳ್ಕೊಡುತ್ತದೆ.

ದಾರಿ ಕೇಳಿದರೆ ಎಲ್ಲರದೂ ಒಂದೇ ಮಾತು: ಸರಳ ಜಾ.
ನೆಟ್ಟಗೆ ಹೋಗು ಅಂತ ಅರ್ಥ.
ಗದಗಿನಿಂದ ಬಂದಿಳಿದ ವರ್ಷ
ನಾನದನ್ನು ನಮ್ಮ ಸರಳ ಅಂತಲೇ ತಿಳಿದಿದ್ದೆ,
ಆಡಂಬರ ಬಿಟ್ಟು ಹೋಗು, ತಂಗಿ, ಹಗುರಾಗಿ ಹೋಗು.
ಎಂಥ ಊರಪ್ಪ, ದಾರಿ ಕೇಳಿದರೆ ಉಪದೇಶ ಮಾಡುತ್ತಾರೆ!

ಘಾಟಿಯ ಬುಡದಲ್ಲಿ ಒಂದು ಚಹಾದ ಟಪರಿ.
ಯಜಮಾನನ ಹೆಸರು ನಿವೃತ್ತಿ ಫಡತರೆ;
ಎಪ್ಪತ್ತಾದರೂ ಹೆಸರಿನ ಹಾಗೆ ನಡೆದುಕೊಂಡಿಲ್ಲ.
ತಾಈ ಅನ್ನುತ್ತಾನೆ. ಅಕ್ಕ ಅಂತ.
ಮಕ್ಕಳಿಲ್ಲದ ನನ್ನ ಕಿವಿ ಅದನ್ನು ಬೇರೆ ಥರ ಕೇಳಿಸಿಕೊಂಡು
ಮೊದಲ ಸಲ ಚಹಾ ಅರ್ಧಕ್ಕೇ ಬಿಟ್ಟು ಎದ್ದಿತ್ತು.
ಈಗ ಎರಡು ಕುಡಿಯುತ್ತೇನೆ. ಅಂದರೆ, ಕುಡಿಯುತ್ತಿದ್ದೆ.

ಬೋಪದೇವ ಘಾಟಿ ಏರುವಾಗ ತಲೆ ಎತ್ತಬೇಡ.
ಮುಂದಿನ ಚಕ್ರ ಮುಟ್ಟುವ ಮೊಳದಷ್ಟು ಡಾಂಬರು,
ಅಷ್ಟೇ ನಿನ್ನ ಆಸ್ತಿ.
ಎದೆಯೊಳಗೆ ಯಾರೋ ಒನಕೆ ಹಿಡಿದಿರುತ್ತಾರೆ, ಕುಟ್ಟಲಿ.

ಮೂರನೇ ತಿರುವಿನಲ್ಲಿ ಇಳಿದುಬಿಡು.
ಆರು ವರ್ಷ ನಾನು ಇಳಿಯಲಿಲ್ಲ. ಹಠ.
ಚೈನು ಕಳಚಿ ಇಳಿದ ದಿನವೇ ಕಂಡದ್ದು:
ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರು.
ಮೂವತ್ತೊಂಬತ್ತು, ಬೇವು. ನಲವತ್ತು, ಬೇವು.
ನಲವತ್ತೊಂದು ಬರೀ ಮೋಟು, ಕೊಯ್ದಾದ ಮೇಲೆ ಬರೆದದ್ದು,
ಲೆಕ್ಕ ತಪ್ಪಬಾರದಲ್ಲ.
ಕೆಳಗೆ ಪುಣೆ, ಅರ್ಧ ಒರೆಸಿದ ಪಾಟಿ.
ನಮ್ಮ ಲ್ಯಾಬಿನ ಕಟ್ಟಡ ಹುಡುಕಿದೆ. ಸಿಗಲಿಲ್ಲ.
ಎಷ್ಟು ಖುಷಿಯಾಯಿತು ಅಂತೀಯ!

ಮೇಲೆ ಹತ್ತಿದ ಮೇಲೆ ಗಾಳಿಯ ಭಾಷೆ ಬದಲಾಗುತ್ತದೆ.
ಭಿವರಿ, ಬೋಪಗಾಂವ್, ಚಾಂಬಳಿ,
ಬಟಾಣಿಯ ಹೊಲ, ಸೇವಂತಿಯ ಹೊಲ,
ನಡುವೆ ನಾಲ್ಕು ಕಲ್ಲು ನೆಟ್ಟು 'ಬಂಗಲೆ ಪ್ಲಾಟು' ಅಂತ ಬೋರ್ಡು.
ಆ ಬೋರ್ಡಿನ ನೆರಳಲ್ಲಿ ಒಬ್ಬಾಕೆ ಅಂಜೂರ ಇಟ್ಟುಕೊಂಡು ಕೂತಿರುತ್ತಾಳೆ;
ಪ್ಲಾಟು ಆಕೆಯದೇ ಇತ್ತೋ ಏನೋ, ಕೇಳುವ ಧೈರ್ಯವಾಗಿಲ್ಲ.
ತೂಕ ಮಾತ್ರ ಕೈಬಿಟ್ಟು ಹಾಕುತ್ತಾಳೆ.

ಸಾಸವಡದಲ್ಲಿ ಏನೂ ಮಾಡಬೇಡ. ಒಂದು ಕಾಲು ಊರಿ, ತಿರುಗು.

ನಲವತ್ತು ನಿಮಿಷ ಹತ್ತಿದ್ದು ಏಳರಲ್ಲಿ ಇಳಿಯುತ್ತದೆ,
ಹೆದರಿಕೆ ಇರುವುದು ಅಲ್ಲಿ.
ಬ್ರೇಕು ಒಂದೇ ಸಮ ಹಿಡಿಯಬೇಡ; ಒತ್ತು, ಬಿಡು, ಒತ್ತು, ಬಿಡು.
ಘಾಟಿಯಲ್ಲಿ ರಬ್ಬರಿನ ಘಾಟು ಮೂಗಿಗೆ ಬಡಿದರೆ
ಲಾರಿಯದು ಅಂತ ಸುಮ್ಮನಾಗಬೇಡ, ನಿನ್ನದೇ ಇರಬಹುದು.

ಫಡತರೆ ಕೇಳಿದರೆ, ಕೇಳದಿದ್ದರೂ,
ಕಾಲು ಹಳೂ ಹಳೂ ಬರುತ್ತಿದೆ ಅನ್ನು.

ಮತ್ತೆ, ಸೈಕಲ್ ತೊಳೆದು ಕೊಡುವ ಶಿಷ್ಟಾಚಾರ ಬೇಡ.
ಹಾಗೇ ತಂದು ನಿಲ್ಲಿಸು.
ಚಕ್ರದ ಮಣ್ಣು ಉಗುರಲ್ಲಿ ಕೆರೆದು ನೋಡಿಕೊಳ್ಳುತ್ತೇನೆ,
ನೀನು ನಿಜವಾಗಿ ಎಲ್ಲಿಯವರೆಗೆ ಹೋಗಿದ್ದೆ ಅಂತ.